ಮಣ್ಣು, ಕೆರೆ, ಸೂಕ್ಷ್ಮಜೀವಿ: ಸಂಶೋಧನೆಗೆ ಹೊರಟವರ ಪ್ರಶ್ನೆಗಳು

ಪ್ರಶ್ನೆ: ಮೈಕ್ರೋಬಯಾಲಜಿ, ಕೆಮಿಸ್ಟ್ರಿ ಓದುತ್ತಿದ್ದೇನೆ, ಬಿ.ಎಸ್ಸಿ. ಕೊನೆಯ ವರ್ಷ. ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುವ ಆಸೆಯಿದೆ. ಅದಕ್ಕೆ ಕೃಷಿ ವಿಶ್ವವಿದ್ಯಾಲಯಕ್ಕೇ ಸೇರಬೇಕೇ? ಆನ್‌ಲೈನ್ ಮೆಟಾಜಿನೋಮಿಕ್ಸ್ (ಮಣ್ಣು, ನೀರಿನಲ್ಲಿರುವ ಜೀವಿಗಳ ಡಿಎನ್‌ಎಯನ್ನು ನೇರವಾಗಿ ತೆಗೆದು ಓದುವ ವಿಧಾನ) ಕೋರ್ಸ್‌ಗೆ ದುಡ್ಡು ಕಟ್ಟಬಹುದೇ?
– ವಿದ್ಯಾರ್ಥಿನಿ, ಶಿರಸಿ

ಉತ್ತರ: ಕೃಷಿ ವಿ.ವಿ.ಗಳ ಕೃಷಿ ಸೂಕ್ಷ್ಮಜೀವಿಶಾಸ್ತ್ರ ಎಂ.ಎಸ್ಸಿ.ಗೆ ಸಾಮಾನ್ಯವಾಗಿ ಬಿ.ಎಸ್ಸಿ. (ಕೃಷಿ) ಪದವಿಯನ್ನೇ ಕೇಳುತ್ತಾರೆ. ಹಾಗಾಗಿ ಅರ್ಹತೆಯ ಕಾಲಂ ಓದದೆ ಅರ್ಜಿ ಶುಲ್ಕ ಕಟ್ಟಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲೋ ಶಂಕರಘಟ್ಟದ ಕುವೆಂಪು ವಿ.ವಿ.ಯಲ್ಲೋ ಮೈಕ್ರೋಬಯಾಲಜಿ ಅಥವಾ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯ ಜೀವವಿಜ್ಞಾನ ಪತ್ರಿಕೆ ಬರೆದರೂ ಇದೇ ಕ್ಷೇತ್ರಕ್ಕೆ ಬರಬಹುದು. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ. ಬರುತ್ತದೆ (2023ರ ಪರಿಷ್ಕರಣೆ). ಮನೆ ಬಾಡಿಗೆ ಭತ್ಯೆ ಬೇರೆ. ಗೇಟ್ ಪರೀಕ್ಷೆ ಬರೆಯುವುದಾದರೆ ‘ಜೀವವಿಜ್ಞಾನ’, ‘ಪರಿಸರ ವಿಜ್ಞಾನ’, ‘ಪರಿಸರಶಾಸ್ತ್ರ ಮತ್ತು ವಿಕಾಸ’ ಎಂಬ ಮೂರು ಪತ್ರಿಕೆಗಳಲ್ಲಿ ನಿಮಗೆ ಹೊಂದುವುದನ್ನು ನೋಡಿಕೊಳ್ಳಿ. ಜೀವವಿಜ್ಞಾನ ಪತ್ರಿಕೆಯಲ್ಲಿ ಕೆಮಿಸ್ಟ್ರಿ ಕಡ್ಡಾಯವಾದ್ದರಿಂದ ನಿಮಗೆ ಅದು ಅನುಕೂಲ.

ಕೋರ್ಸ್‌ಗೆ ಸದ್ಯ ದುಡ್ಡು ಕಟ್ಟಬೇಡಿ. ‘ಆರ್’ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಸಂಖ್ಯಾಶಾಸ್ತ್ರ ಕಲಿಯಿರಿ. ಜೊತೆಗೆ ಸಾರಜನಕದ ರಸಾಯನಶಾಸ್ತ್ರವನ್ನು ಗಟ್ಟಿ ಮಾಡಿಕೊಳ್ಳಿ. ನೀರು ನಿಂತ ಗದ್ದೆಗೆ ಹಾಕಿದ ಯೂರಿಯಾ ಎಲ್ಲಿ ಹೋಗುತ್ತದೆ ಎಂದು ಪಿಎಚ್.ಡಿ. ಸಂದರ್ಶನದಲ್ಲಿ ಕೇಳಿದರೆ ಸೀಕ್ವೆನ್ಸಿಂಗ್ (ಡಿಎನ್‌ಎ ಓದುವ) ಯಂತ್ರದ ಹೆಸರು ಹೇಳಿ ಪಾರಾಗಲಾಗದು. ಗದ್ದೆಯ ಮಣ್ಣಿನ ಮೇಲ್ಭಾಗದ ಕೆಲವೇ ಮಿಲಿಮೀಟರ್ ಪದರದಲ್ಲಿ ಆಮ್ಲಜನಕ ಇರುತ್ತದೆ. ಅಲ್ಲಿ ಒಂದು ಗುಂಪಿನ ಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಆ ನೈಟ್ರೇಟ್ ಕೆಳಗಿನ ಆಮ್ಲಜನಕವಿಲ್ಲದ ಪದರಕ್ಕೆ ಇಳಿದಾಗ ಇನ್ನೊಂದು ಗುಂಪು ಅದನ್ನು ಸಾರಜನಕದ ಅನಿಲವಾಗಿ, ಒಂದಿಷ್ಟನ್ನು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಬಿಡುತ್ತದೆ. ಬಿಸಿಲೇರಿದ ಹೊತ್ತಿನಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಪಿಎಚ್ ಏರಿಸುವುದರಿಂದ ಅಮೋನಿಯಾ ನೇರವಾಗಿಯೂ ಹಾರಿಹೋಗುತ್ತದೆ. ಇದನ್ನು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಲು ಬಂದರೆ ಅರ್ಧ ತಯಾರಿ ಮುಗಿದಂತೆ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಅಡಿಕೆ ತೋಟ ಮತ್ತು ಭತ್ತದ ಗದ್ದೆಯ ಮಣ್ಣಿನ ಬ್ಯಾಕ್ಟೀರಿಯಾ ಎಣಿಕೆ ಹೋಲಿಸುತ್ತಿದ್ದೇನೆ. ಎರಡೂ ಕಡೆಯಿಂದ ಒಂದೊಂದು ಸ್ಯಾಂಪಲ್, ಪ್ರತಿಯೊಂದಕ್ಕೆ ಮೂರು ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆ). ಒಂದೇ ಮಣ್ಣಿನ ಪ್ಲೇಟುಗಳಲ್ಲೂ ಸಂಖ್ಯೆ ಹೊಂದುತ್ತಿಲ್ಲ. ಪ್ಲೇಟ್ ಹೆಚ್ಚಿಸಿದರೆ ಸಾಕೇ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸಾಲದು. ಇಲ್ಲಿ ಎರಡು ತೊಂದರೆಗಳು ಬೆರೆತಿವೆ. ಒಂದು ಕೈಕೆಲಸದ್ದು, ಅದನ್ನು ವಾರದಲ್ಲಿ ತಿದ್ದಿಕೊಳ್ಳಬಹುದು. ಇನ್ನೊಂದು ಯೋಜನೆಯದ್ದು. ಅದನ್ನು ಈಗ ಸರಿಪಡಿಸದಿದ್ದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಮೊದಲು ಯೋಜನೆ ನೋಡೋಣ. ಒಂದೇ ಚೀಲದ ಮಣ್ಣಿನಿಂದ ಮೂರು ಪ್ಲೇಟ್ ಹಾಕಿದರೆ ನಿಮ್ಮ ಪಿಪೆಟ್ ಕೈ ಎಷ್ಟು ಸ್ಥಿರ ಎಂದು ತಿಳಿಯುತ್ತದೆ, ಅಷ್ಟೇ. ತೋಟಕ್ಕೂ ಗದ್ದೆಗೂ ಇರುವ ವ್ಯತ್ಯಾಸದ ಬಗ್ಗೆ ಅದು ಏನೂ ಹೇಳದು. ಮೂವತ್ತು ಪ್ಲೇಟ್ ಹಾಕಿದರೂ ನಿಮ್ಮಲ್ಲಿರುವುದು ಒಂದು ತೋಟ, ಒಂದು ಗದ್ದೆ. ಕನಿಷ್ಠ ಮೂರು ಬೇರೆ ಬೇರೆ ತೋಟ, ಮೂರು ಬೇರೆ ಗದ್ದೆ ಆರಿಸಿಕೊಳ್ಳಿ. ಐದೈದು ಸಿಕ್ಕರೆ ಇನ್ನೂ ಒಳ್ಳೆಯದು. ಪ್ರತಿ ಜಾಗದಲ್ಲಿ ಅಂಕುಡೊಂಕಾಗಿ ನಡೆದು 8–10 ಕಡೆ, ಮೇಲಿನ ಕಸಕಡ್ಡಿ ಸರಿಸಿ, 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು ಒಟ್ಟಿಗೆ ಕಲಸಿ. ಹಾಗೆ ಕಲಸಿದ್ದು ಲೆಕ್ಕಕ್ಕೆ ಒಂದೇ ಸ್ಯಾಂಪಲ್. ಅಡಿಕೆ ಬುಡಕ್ಕೆ ಗೊಬ್ಬರ ಹಾಕಿದ ಜಾಗ ಮತ್ತು ಎರಡು ಸಾಲಿನ ನಡುವಿನ ಜಾಗವನ್ನು ಬೆರೆಸಬೇಡಿ, ಅವು ಬೇರೆಯದೇ ಮಣ್ಣು ಎಂದುಕೊಳ್ಳಿ. ಗುದ್ದಲಿಯನ್ನು ಪ್ರತಿ ಜಾಗದ ನಂತರ ತೊಳೆದು 70% ಆಲ್ಕೊಹಾಲ್‌ನಿಂದ ಒರೆಸಿ. ಮಣ್ಣು ಒಣಗಿಸದೆ 2 ಮಿ.ಮೀ. ಜರಡಿ ಹಿಡಿದು 4 ಡಿಗ್ರಿಯಲ್ಲಿಟ್ಟು, ಆದಷ್ಟು ಬೇಗ ಪ್ಲೇಟ್ ಹಾಕಿ. ಗದ್ದೆಯ ಕೆಸರು ಜರಡಿಯಲ್ಲಿ ಇಳಿಯದಿದ್ದರೆ ಬೇರು, ಕಲ್ಲು ಆರಿಸಿ ಹಾಗೆಯೇ ಬಳಸಿ, ಅದನ್ನು ವರದಿಯಲ್ಲಿ ಬರೆಯಿರಿ.

ಇನ್ನು ಬೆಂಚಿನ ಕೆಲಸ. 10 ಗ್ರಾಂ ಮಣ್ಣನ್ನು 90 ಮಿ.ಲೀ. ಸ್ಟೆರೈಲ್ 0.85% ಸಲೈನ್‌ಗೆ ಹಾಕಿ ಶೇಕರ್‌ನಲ್ಲಿ ಅರ್ಧ ಗಂಟೆ ಅಲ್ಲಾಡಿಸಿ. ಪ್ಲಾಸ್ಕ್ ಇಳಿಸಿ ಹಾಗೇ ಬಿಟ್ಟರೆ ಮಣ್ಣಿನ ಕಣ ತಳಕ್ಕೆ ಕೂರುತ್ತದೆ. ಅದಕ್ಕೆ ಅಂಟಿಕೊಂಡ ಬ್ಯಾಕ್ಟೀರಿಯಾ ಕೂಡ ಅದರ ಜೊತೆಗೇ ಕೂರುತ್ತದೆ. ನಿಮ್ಮ ಪ್ಲೇಟುಗಳು ಹೊಂದದಿರಲು ಬಹುಶಃ ಇದೇ ಕಾರಣ. ಪ್ಲಾಸ್ಕ್ ತಿರುಗಿಸುತ್ತಿರುವಾಗಲೇ 1 ಮಿ.ಲೀ. ತೆಗೆದು 9 ಮಿ.ಲೀ. ಸಲೈನ್ ಇರುವ ಟ್ಯೂಬಿಗೆ ಹಾಕಿ, ಅದರಿಂದ 1 ಮಿ.ಲೀ. ಮುಂದಿನ ಟ್ಯೂಬಿಗೆ, ಹೀಗೆ ಹತ್ತು ಹತ್ತು ಪಟ್ಟು ತೆಳುಮಾಡುತ್ತ ಹೋಗಿ, ಪ್ರತಿ ಹಂತಕ್ಕೂ ಹೊಸ ಟಿಪ್ ಬಳಸಿ. ಹಳೆಯ ಟಿಪ್‌ನ ಗೋಡೆಗೆ ಅಂಟಿದ್ದು ಮುಂದಿನ ಟ್ಯೂಬಿಗೆ ಸಾಗಿ ಎಣಿಕೆ ಉಬ್ಬುತ್ತದೆ. ಅಗರ್ ಮೇಲೆ ತೇವ ನಿಂತಿದ್ದರೆ ಬ್ಯಾಸಿಲಸ್‌ನಂಥವು ಇಡೀ ಪ್ಲೇಟ್ ಹರಡಿಕೊಳ್ಳುತ್ತವೆ. ಹರಡುವ ಮುನ್ನ ಲ್ಯಾಮಿನಾರ್‌ನಲ್ಲಿ (ಸೋಸಿದ ಗಾಳಿ ಹಾಯುವ ಕೆಲಸದ ಪೆಟ್ಟಿಗೆ) ಮುಚ್ಚಳ ಓರೆ ಮಾಡಿ 15–20 ನಿಮಿಷ ಒಣಗಿಸಿ. ಶಿಲೀಂಧ್ರದ ಕಾಟವಿದ್ದರೆ ಬ್ಯಾಕ್ಟೀರಿಯಾ ಪ್ಲೇಟಿಗೆ ಸೈಕ್ಲೋಹೆಕ್ಸಿಮೈಡ್ ಸೇರಿಸಿ. ಅದು ವಿಷ, ಕೈಗವಸು ಬೇಕು. 30ರಿಂದ 300 ಕಾಲೊನಿ ಇರುವ ಪ್ಲೇಟನ್ನಷ್ಟೇ ಎಣಿಸಿ.

ಬಹಳ ಮಂದಿ ಎಡವುವುದು ತೇವಾಂಶದ ಲೆಕ್ಕದಲ್ಲಿ. ಎರಡೂ ಮಣ್ಣಿನ 10⁻⁵ (ಲಕ್ಷ ಪಟ್ಟು ತೆಳುವಾದ) ಟ್ಯೂಬಿನಿಂದ 0.1 ಮಿ.ಲೀ. ಹರಡಿದಾಗ 60 ಕಾಲೊನಿ ಬಂದವು ಎನ್ನೋಣ. 60 × 10⁵ × 10, ಅಂದರೆ ಹಸಿ ಮಣ್ಣಿನ ಗ್ರಾಂಗೆ 6 ಕೋಟಿ. ಎರಡೂ ಒಂದೇ ಎಂದು ಬರೆದುಬಿಡುವ ಮೊದಲು ಒಂದಿಷ್ಟು ಮಣ್ಣನ್ನು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಗಿ. ಗದ್ದೆಯ ಹಸಿಮಣ್ಣಿನ ತೂಕದಲ್ಲಿ 40% ನೀರಿದ್ದರೆ 6 ಕೋಟಿಯನ್ನು 0.6ರಿಂದ ಭಾಗಿಸಬೇಕು: 10 ಕೋಟಿ. ತೋಟದಲ್ಲಿ 20% ಇದ್ದರೆ 0.8ರಿಂದ: 7.5 ಕೋಟಿ. ಒಣಮಣ್ಣಿನ ಲೆಕ್ಕದಲ್ಲಿ ಎರಡೂ ಬೇರೆಯಾದವು. ಮಣ್ಣಿನಲ್ಲಿರುವ ಜೀವಿಗಳಲ್ಲಿ ಸುಮಾರು 1% ಮಾತ್ರ ಪ್ಲೇಟ್ ಮೇಲೆ ಬೆಳೆಯುತ್ತವೆ ಎಂಬ ಅಂದಾಜಿದೆ. ಆದ್ದರಿಂದ ವರದಿಯಲ್ಲಿ ‘ಒಟ್ಟು ಬ್ಯಾಕ್ಟೀರಿಯಾ’ ಎನ್ನದೆ ‘ಬೆಳೆಸಬಹುದಾದ ಬ್ಯಾಕ್ಟೀರಿಯಾ’ ಎಂದು ಬರೆಯಿರಿ.

ಪ್ರಶ್ನೆ: ಪಾಚಿಗಟ್ಟಿದ ಕೆರೆಯ ನೀರಿನಿಂದ ಡಿಎನ್‌ಎ ತೆಗೆದಿದ್ದೇನೆ. ಜೆಲ್‌ನಲ್ಲಿ ಡಿಎನ್‌ಎ ಕಾಣುತ್ತದೆ, ಆದರೆ 16ಎಸ್ (ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ಜೀನ್) ಪಿಸಿಆರ್ (ಡಿಎನ್‌ಎ ತುಣುಕನ್ನು ಅನೇಕ ಪಟ್ಟು ನಕಲಿಸುವುದು) ಬ್ಯಾಂಡ್ ಬರುತ್ತಿಲ್ಲ. 1 ಲೀಟರ್ ನೀರು ಸೋಸಲೂ ಆಗುತ್ತಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ.
– ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: 1 ಲೀಟರ್ ಎಂಬುದು ತಿಳಿನೀರಿನ ಲೆಕ್ಕ. ಕೊಳಚೆ ಸೇರುವ ಕೆರೆಯಲ್ಲಿ 0.22 ಮೈಕ್ರಾನ್ ಫಿಲ್ಟರ್ 100 ಮಿ.ಲೀ.ಗೇ ನಿಂತರೂ ಚಿಂತೆಯಿಲ್ಲ, ಡಿಎನ್‌ಎಗೆ ಅಷ್ಟು ಸಾಕಾಗುತ್ತದೆ. ಎಷ್ಟು ಸೋಸಿದಿರಿ ಎಂದು ಪ್ರತಿ ಸಲವೂ ಬರೆದಿಡಿ. ದಪ್ಪ ರಂಧ್ರದ ಫಿಲ್ಟರ್‌ನಲ್ಲಿ ಮೊದಲು ಸೋಸಿದರೆ ವೇಗ ಬರುತ್ತದೆ ನಿಜ, ಆದರೆ ಕಣಗಳಿಗೆ, ಪಾಚಿಗೆ ಅಂಟಿ ಬದುಕುವ ಬ್ಯಾಕ್ಟೀರಿಯಾ ಅಲ್ಲೇ ಉಳಿಯುತ್ತವೆ. ಆ ಫಿಲ್ಟರನ್ನು ಎಸೆಯದೆ ಬೇರೆ ಸ್ಯಾಂಪಲ್ ಆಗಿ ಇಟ್ಟುಕೊಳ್ಳಿ.

ಡಿಎನ್‌ಎ ಇದ್ದೂ ಪಿಸಿಆರ್ ಆಗುತ್ತಿಲ್ಲವೆಂದರೆ ಹ್ಯೂಮಿಕ್ ಪದಾರ್ಥಗಳ (ಕೊಳೆತ ಸಸ್ಯಗಳಿಂದ ಬಂದು ಪಿಸಿಆರ್ ತಡೆಯುವ ಕಂದು ವಸ್ತುಗಳು) ಮೇಲೆ ಅನುಮಾನ ಪಡಿ. ದ್ರಾವಣಕ್ಕೆ ತೆಳು ಕಂದು ಬಣ್ಣವಿದ್ದರೆ, 260/230 ಅನುಪಾತ (ಎರಡು ತರಂಗಾಂತರದ ಬೆಳಕು ಹೀರಿಕೆಯಿಂದ ಡಿಎನ್‌ಎ ಶುದ್ಧತೆ ಹೇಳುವ ಅಳತೆ) 1ಕ್ಕಿಂತ ಕಡಿಮೆಯಿದ್ದರೆ ಅನುಮಾನ ಗಟ್ಟಿ. ಎಲ್ಲರೂ ಮಾಡುವ ತಪ್ಪೆಂದರೆ ಇನ್ನಷ್ಟು ಡಿಎನ್‌ಎ ಸುರಿಯುವುದು. ಅದರೊಂದಿಗೆ ತಡೆಯುವ ವಸ್ತುವೂ ಹೆಚ್ಚುತ್ತದೆ. ಅದರ ಬದಲು 1:10, 1:50 ತೆಳುಮಾಡಿ ಓಡಿಸಿ, ಜೊತೆಗೆ ಬಿಎಸ್‌ಎ (ತಡೆಯುವ ವಸ್ತುವನ್ನು ಹಿಡಿದಿಡುವ ಪ್ರೋಟೀನ್) ಸೇರಿಸಿ. ಪಿಸಿಆರ್ ಆಗುತ್ತದೆಂದು ಗೊತ್ತಿರುವ ಬೇರೊಂದು ಡಿಎನ್‌ಎಯನ್ನು ನಿಮ್ಮ ಸ್ಯಾಂಪಲ್‌ಗೆ ಬೆರೆಸಿ ನೋಡಿ. ಅದೂ ನಿಂತುಹೋದರೆ ತಪ್ಪು ಪ್ರೈಮರ್‌ನದ್ದಲ್ಲ (ಪಿಸಿಆರ್ ಆರಂಭಿಸುವ ಪುಟ್ಟ ಡಿಎನ್‌ಎ ತುಣುಕು), ತಡೆಯುವ ವಸ್ತುವಿನದ್ದು. ಬರೀ ಸ್ಟೆರೈಲ್ ನೀರು ಸೋಸಿದ ಫಿಲ್ಟರ್‌ನಿಂದಲೂ ಡಿಎನ್‌ಎ ತೆಗೆದು ಸೀಕ್ವೆನ್ಸಿಂಗ್‌ಗೆ ಕಳಿಸಿ, ಕಿಟ್‌ನೊಳಗಿನ ಕಲ್ಮಶ ಆಗಲೇ ತಿಳಿಯುವುದು. ಫಲಿತಾಂಶದಲ್ಲಿ ಪಾಚಿಯ ಕ್ಲೋರೋಪ್ಲಾಸ್ಟ್ ಕೂಡ 16ಎಸ್ ಆಗಿ ಬರುತ್ತದೆ. ಅದನ್ನು ತೆಗೆಯದೆ ಶೇಕಡಾವಾರು ಲೆಕ್ಕ ಹಾಕಬೇಡಿ.

ಪ್ರಶ್ನೆ: ಮಗಳು ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತೇನೆ ಎನ್ನುತ್ತಾಳೆ. ಆಮೇಲೆ ಕೆಲಸ ಸಿಗುತ್ತದೆಯೇ, ಇಲ್ಲ ಓದುತ್ತಲೇ ಇರಬೇಕೇ?
– ರೈತರು, ಮಂಡ್ಯ

ಉತ್ತರ: ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಕಾಯಂ ವಿಜ್ಞಾನಿ ಹುದ್ದೆಗಳು ಕಡಿಮೆ. ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಸಂಸ್ಥೆಗಳ ವಿಜ್ಞಾನಿ ಹುದ್ದೆಗೆ ಎಎಸ್‌ಆರ್‌ಬಿ (ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ) ಪರೀಕ್ಷೆ ನಡೆಸುತ್ತದೆ. ಭೋಪಾಲ್‌ನ ಮಣ್ಣು ವಿಜ್ಞಾನ ಸಂಸ್ಥೆ, ಉತ್ತರ ಪ್ರದೇಶದ ಮವೂದಲ್ಲಿರುವ ಕೃಷಿ ಸೂಕ್ಷ್ಮಜೀವಿಗಳ ಬ್ಯೂರೋ ಇಂಥ ಕಡೆ. ಪಿಎಚ್.ಡಿ. ನಂತರ ಕೆಲವು ವರ್ಷ ತಾತ್ಕಾಲಿಕ ಸಂಬಳದಲ್ಲಿ ದುಡಿಯುವುದು ಮಾಮೂಲು, ಅದಕ್ಕೆ ಮನೆಯವರು ಸಿದ್ಧರಿರಬೇಕು.

ಸಂಶೋಧನೆಯ ಹೊರಗೂ ಈ ಕೌಶಲಕ್ಕೆ ಬೆಲೆಯಿದೆ. ಜೈವಿಕ ಗೊಬ್ಬರ ಮಾರಬೇಕಾದರೆ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ರೈಜೋಬಿಯಂ (ದ್ವಿದಳ ಬೆಳೆಗೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಪುಡಿಯಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವರೂಪದಲ್ಲಿ ಮಿ.ಲೀ.ಗೆ 10 ಕೋಟಿ ಜೀವಂತ ಕೋಶಗಳಿರಬೇಕು. ಅದನ್ನು ಎಣಿಸಿ ಸಹಿ ಹಾಕುವವರು ಬೇಕೇ ಬೇಕು. ಕೊಳಚೆ ನೀರಿನ ಶುದ್ಧೀಕರಣ ಘಟಕಗಳಲ್ಲೂ ಹಾಗೆಯೇ. ಏರೇಷನ್ (ಗಾಳಿ ಊದುವ) ಟ್ಯಾಂಕಿನ ನೀರನ್ನು 1 ಲೀಟರ್ ಸಿಲಿಂಡರಿನಲ್ಲಿ 30 ನಿಮಿಷ ಬಿಟ್ಟಾಗ ಕೆಸರು 600 ಮಿ.ಲೀ. ಗುರುತಿನಲ್ಲಿ ನಿಂತು, ಘನಾಂಶ ಲೀಟರಿಗೆ 3,000 ಮಿ.ಗ್ರಾಂ. ಇದ್ದರೆ ಕೆಸರಿನ ಸೂಚ್ಯಂಕ (ಒಂದು ಗ್ರಾಂ ಘನಾಂಶ ಹಿಡಿಯುವ ಮಿ.ಲೀ. ಜಾಗ) 200 ಆಯಿತು. 150 ದಾಟಿತೆಂದರೆ ನೂಲಿನಂಥ ಬ್ಯಾಕ್ಟೀರಿಯಾ ಹೆಚ್ಚಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗಾಳಿ ಸಾಲದೆಯೂ ಹೀಗಾಗುತ್ತದೆ, ಆಹಾರ ಸಾಲದೆಯೂ ಆಗುತ್ತದೆ. ಇವೆರಡನ್ನು ಬಿಡಿಸಿ ಹೇಳಬಲ್ಲವರು ಬಹಳಿಲ್ಲ. ಮಗಳು ಎಂ.ಎಸ್ಸಿ. ರಜೆಯಲ್ಲಿ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ನೀರು ಪರೀಕ್ಷಾ ಲ್ಯಾಬಿನಲ್ಲಿ ತರಬೇತಿ ಪಡೆಯಲಿ.

ಪ್ರಶ್ನೆ: ಜರ್ಮನಿಯಲ್ಲಿ ಪಿಎಚ್.ಡಿ. ಸೇರುತ್ತಿದ್ದೇನೆ. ನಮ್ಮ ಕಾಫಿ ತೋಟದ ಮಣ್ಣನ್ನು ಸಂಶೋಧನೆಗೆ ಒಯ್ಯಬಹುದೇ?
– ಓದುಗ, ಮಡಿಕೇರಿ

ಉತ್ತರ: ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಬೇಡಿ. ಮಣ್ಣು ನಿಮ್ಮದೇ ತೋಟದ್ದಾದರೂ ಅದರಲ್ಲಿರುವ ಜೀವಿಗಳು 2002ರ ಜೀವವೈವಿಧ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ವಿದೇಶಿ ಸಂಸ್ಥೆಯ ಸಂಶೋಧನೆಗೆ ಕೊಡಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಸರ್ಕಾರ ಒಪ್ಪಿದ ಜಂಟಿ ಯೋಜನೆಗಳಿಗೆ ಬೇರೆ ದಾರಿಯಿದೆ. ಇದರ ಮೇಲೆ, ಐರೋಪ್ಯ ಒಕ್ಕೂಟದ ಸಸ್ಯ ಸಂರಕ್ಷಣಾ ನಿಯಮದಲ್ಲಿ ಹೊರದೇಶದ ಮಣ್ಣು ನಿರ್ಬಂಧಿತ. ಅಲ್ಲಿನ ಲ್ಯಾಬ್ ಮುಂಚಿತವಾಗಿ ಪರವಾನಗಿ ಪಡೆದಿರಬೇಕು. ಕಾಗದಪತ್ರಕ್ಕೆ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಪ್ರವೇಶಪತ್ರ ಕೈಸೇರಿದ ವಾರವೇ ಮಾರ್ಗದರ್ಶಕರಿಗೆ ಬರೆದು, ಇಲ್ಲಿನ ಯಾವ ಸಂಸ್ಥೆ ಪಾಲುದಾರನಾಗುತ್ತದೆ, ಯಾರ ಹೆಸರಿನಲ್ಲಿ ಅರ್ಜಿ ಹೋಗುತ್ತದೆ ಎಂದು ಇತ್ಯರ್ಥ ಮಾಡಿಕೊಳ್ಳಿ. ಡಿಎನ್‌ಎ ತೆಗೆಯುವುದು, ಅನಿಲ ಅಳೆಯುವುದು ಎಲ್ಲವನ್ನೂ ಇಲ್ಲೇ ಮುಗಿಸುವ ಯೋಜನೆ ಹಾಕಿಕೊಂಡರೆ ಮಣ್ಣು ಸಾಗಿಸುವ ಪ್ರಮೇಯವೇ ತಪ್ಪೀತು, ಆದರೆ ಆಗಲೂ ಪ್ರಾಧಿಕಾರದ ಅನುಮತಿಯ ವಿಷಯವನ್ನು ಪಾಲುದಾರ ಸಂಸ್ಥೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.