‘ಮೂಲ ಎಲ್ಲಿ ನಿಮ್ದು?’: ಒಂದು ಆಪ್ತಸಲಹೆ ಪ್ರಕರಣ

ಆಕೆಗೆ 22 ವರ್ಷ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕೊನೆಯ ವರ್ಷ, ವಿದ್ಯಾನಗರದ ಕಡೆ ಪಿಜಿ. ಇಲ್ಲಿ ಡೋಲ್ಮಾ ಅಂತ ಕರೆಯುತ್ತೇನೆ, ಅದು ನಿಜವಾದ ಹೆಸರಲ್ಲ. ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಬರೆಯೋಕೆ ಅವಳ ಒಪ್ಪಿಗೆ ಇದೆ.

ಬಂದಾಗ ಹೇಳಿದ್ದು ನಿದ್ದೆಯ ತೊಂದರೆ. ರಾತ್ರಿ ಎರಡಕ್ಕೆ ಎಚ್ಚರ, ಎದೆ ಡವಡವ, ಅಂಗೈಯೆಲ್ಲ ಬೆವರು. ಹಗಲಲ್ಲಿ ಖಾಕಿ ಬಟ್ಟೆ ಕಂಡರೆ, ಅದು ಆಸ್ಪತ್ರೆಯ ವಾಚ್‌ಮನ್ ಆದರೂ, ಉಸಿರು ಕಟ್ಟಿದ ಹಾಗೆ. ಇಸಿಜಿ, ಥೈರಾಯ್ಡ್ ಎಲ್ಲ ತಾನೇ ಮಾಡಿಸಿಕೊಂಡಿದ್ದಳು. ನಾರ್ಮಲ್.

ಊರು ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ ಅಂದಳು. ಅಷ್ಟು ಕೇಳಿದ್ದೇ ತಡ, ನಾನೊಂದು ತಪ್ಪು ಮಾಡಿದೆ. “ದೇಶ ಭಾಳ ನೆನಪಾಗ್ತದೇನು?” ಅಂದುಬಿಟ್ಟೆ.

“ಯಾವ ದೇಶ ಮೇಡಂ? ನಾ ಹುಟ್ಟಿದ್ದು ಮುಂಡಗೋಡದಾಗ. ನಮ್ಮಪ್ಪ ಹುಟ್ಟಿದ್ದೂ ಅಲ್ಲೇ ರೀ. ಟಿಬೆಟ್ ನಾ ಫೋಟೋದಾಗ ನೋಡೀನಿ, ಅಷ್ಟ.”

ನಿರಾಶ್ರಿತರು ಅಂದ ಕೂಡಲೇ ನಮ್ಮ ತಲೆಯಲ್ಲಿ ಒಂದು ಕತೆ ರೆಡಿ ಇರುತ್ತದೆ. ನಾನು ಅದನ್ನೇ ಅವಳ ಮುಂದೆ ಇಟ್ಟಿದ್ದೆ. ಹಿಮ ದಾಟಿ ಬಂದವರು ಅವಳ ಪೋಲಾ, ಅಂದರೆ ಅಜ್ಜ. ದಲೈ ಲಾಮಾ ಭಾರತಕ್ಕೆ ಬಂದ 1959ರಲ್ಲೇ ಅವರೂ ಬಂದಿದ್ದು, ಆಗ ಹನ್ನೊಂದು ವರ್ಷ. ಹಿಮಾಚಲದ ಕಡೆ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು. 1966ರಲ್ಲಿ ಮುಂಡಗೋಡದ ಕ್ಯಾಂಪ್ ಶುರುವಾದಾಗ ಇಲ್ಲಿಗೆ ಬಂದು, ಕಾಡು ಕಡಿದು ಗೋವಿನಜೋಳ ಬಿತ್ತಿದರು. ಅವರಿಗೆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದಂತೆ. ಬರದೇ ಇರುವುದು ಮೊಮ್ಮಗಳಿಗೆ.

ಎರಡನೇ ಭೇಟಿಯಲ್ಲಿ, ನಿದ್ದೆ ಕೆಟ್ಟ ಮೊದಲ ದಿನ ಯಾವುದು ಅಂತ ಹುಡುಕಿದೆವು. ಸಿಕ್ಕಿತು. ಬಾಡಿಗೆದಾರರ ವಿವರ ಕೇಳಿಕೊಂಡು ಪೊಲೀಸರು ಪಿಜಿಗೆ ಬಂದಿದ್ದ ದಿನ. ಉಳಿದ ಹುಡುಗಿಯರು ಆಧಾರ್ ತೋರಿಸಿ ಒಳಗೆ ಹೋದರು. ಡೋಲ್ಮಾ ಹತ್ತಿರವೂ ಆಧಾರ್ ಇದೆ. ಆದರೆ ಅವಳ ಮುಖ ನೋಡಿ ಬೇರೆ ಏನಿದೆ ಅಂತ ಕೇಳಿದರು. ಅವಳು ಆರ್‌ಸಿ ತೋರಿಸಿದಳು. ಹದಿನಾರು ತುಂಬಿದ ಟಿಬೆಟಿಯನ್ನರು ಸರ್ಕಾರದಿಂದ ಪಡೆಯಬೇಕಾದ ನೋಂದಣಿ ಪತ್ರ ಅದು, ಆಗಾಗ ನವೀಕರಿಸಬೇಕು. ಅವಧಿ ಮುಗಿಯೋಕೆ ಆರು ವಾರ ಉಳಿದಿತ್ತು. ಪೊಲೀಸರು ನೋಡಿ ಹೋದರು. ಪಿಜಿ ಆಂಟಿ ಮಾತ್ರ ಅಲ್ಲೇ ನಿಂತರು. “ಇದರಾಗ ಫಾರಿನರ್ ಅಂತ ಐತೆಲ್ಲವಾ. ಈ ತಿಂಗಳು ಮುಗದ್ ಮ್ಯಾಲೆ ಬ್ಯಾರೆ ಕಡೆ ನೋಡ್ಕೊ.”

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಆರ್‌ಸಿ ಇರುವವರನ್ನು ಸರ್ಕಾರ ವಿದೇಶಿಯರು ಅಂತಲೇ ನೋಡುತ್ತದೆ. ಇಲ್ಲೇ ಹುಟ್ಟಿ, ಧಾರವಾಡದ ಕನ್ನಡ ಮಾತಾಡುವ ಹುಡುಗಿ ತನ್ನ ಇರುವಿಕೆಯನ್ನು ಒಂದು ಕಾಗದದಿಂದ ತೋರಿಸಬೇಕು. ಆ ಕಾಗದದ ಮೇಲೆ ಕೊನೆಯ ದಿನಾಂಕ ಬೇರೆ. ಎರಡು ಗಂಟೆಗೆ ಎಚ್ಚರ ಆಗದೆ ಇನ್ನೇನು?

ಹಾಗಾಗಿ ಈ ಪ್ರಕರಣದಲ್ಲಿ ಮನಸ್ಸಿಗಿಂತ ಮೊದಲು ಕಾಗದದ ಕೆಲಸ ಹಿಡಿದೆವು. ನನ್ನ ಓದಿನಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಒಂದು ಫೈಲ್ ಮಾಡಿಸಿದೆ: ಆರ್‌ಸಿ, ಅದರ ನಾಲ್ಕು ಜೆರಾಕ್ಸ್, ಕಾಲೇಜಿನ ಬೋನಫೈಡ್, ಫೋಟೋ. ನವೀಕರಣಕ್ಕೆ ಒಬ್ಬಳೇ ಹೋಗಬೇಡ ಅಂದೆ. ಕ್ಯಾಂಪಿನ ಸೆಟ್ಲ್‌ಮೆಂಟ್ ಆಫೀಸಿನಲ್ಲಿ ಈ ಕೆಲಸ ಗೊತ್ತಿರುವವರು ಇರುತ್ತಾರೆ, ಅವರನ್ನು ಕೇಳು. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡ.

ಪಿಜಿ ಆಂಟಿಯನ್ನು ಡೋಲ್ಮಾಳ ಒಪ್ಪಿಗೆ ಪಡೆದು ಭೇಟಿಯಾದೆ. ಜಗಳ ಆಗಬಹುದು ಅಂದುಕೊಂಡಿದ್ದೆ. ಆಂಟಿ ಚಹಾ ಕೊಟ್ಟರು. ಅವರಿಗೆ ಹುಡುಗಿಯ ಮೇಲೆ ಸಿಟ್ಟಿರಲಿಲ್ಲ. ವಿದೇಶಿಯರನ್ನು ಇಟ್ಟುಕೊಂಡವರು 24 ಗಂಟೆಯೊಳಗೆ ಸರ್ಕಾರಕ್ಕೆ ಫಾರ್ಮ್ ತುಂಬಿ ತಿಳಿಸಬೇಕು, ಇಲ್ಲದಿದ್ದರೆ ಕೇಸು ಅಂತ ಯಾರೋ ಹೆದರಿಸಿದ್ದರು. ಅಂಥ ನಿಯಮ ಇರುವುದು ನಿಜ. “ಆರ್‌ಸಿ ಪ್ರತಿ ಹಿಡ್ಕೊಂಡು ಠಾಣೆಗೆ ಹೋಗಿ ಕೇಳ್ರಿ, ಅವರು ಏನು ತುಂಬಿ ಕೊಡು ಅಂತಾರೋ ತುಂಬಿ ಕೊಡ್ರಿ. ಇಕಿ ಕದ್ದು ಬಂದವಳಲ್ಲ, ಸರ್ಕಾರನೇ ಕೊಟ್ಟ ಪತ್ರ ಅದು” ಅಂದೆ. ಆಂಟಿ ಹೋಗಿ ಬಂದರು. ಮತ್ತೆ ಬಿಡು ಅಂತ ಹೇಳಲಿಲ್ಲ.

ಎದೆ ಡವಡವಕ್ಕೆ ಉಸಿರಾಟ ಹೇಳಿಕೊಟ್ಟೆ. ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು. ಎಣಿಸೋಕೆ ಪೋಲಾ ಕೊಟ್ಟ ಜಪಮಾಲೆ ಇದೆ ಅಂದಳು. ಒಂದು ಮಣಿಗೆ ಒಂದು ಉಸಿರು. ಇದು ನನ್ನ ಸಲಹೆಯಲ್ಲ, ಅವಳದೇ. ಮೂರು ವಾರದಲ್ಲಿ ತಗ್ಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ತೋರಿಸೋಣ, ರಾತ್ರಿ ತೀರಾ ಜಾಸ್ತಿ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು ಅಂದಿದ್ದೆ. ಫೋನ್ ಒಮ್ಮೆ ಮಾಡಿದಳಂತೆ. ಕನ್ನಡದಲ್ಲೇ ಮಾತಾಡಿದರಂತೆ.

ನಾಲ್ಕನೇ ಭೇಟಿಗೆ ನಿದ್ದೆ ಸುಧಾರಿಸಿತ್ತು. ಆಗ ಒಳಗಿದ್ದ ಇನ್ನೊಂದು ವಿಷಯ ಹೊರಗೆ ಬಂತು. ಅಪ್ಪ ದಿನಾ ಸಂಜೆ ಫೋನ್ ಮಾಡಿ ಭಾರತದ ಪಾಸ್‌ಪೋರ್ಟ್ ಮಾಡಿಸು ಅನ್ನುತ್ತಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಟಿಬೆಟಿಯನ್ನರಿಗೂ ಇದು ಅನ್ವಯ ಅಂತ 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಹೈಕೋರ್ಟ್ ಹೇಳಿವೆ. ಅಪ್ಪ ಹುಟ್ಟಿದ್ದು 1975ರಲ್ಲಿ. ಇವಳು 2003ರಲ್ಲಿ, ಆಗ ತಂದೆ ತಾಯಿಯಲ್ಲಿ ಒಬ್ಬರು ಪ್ರಜೆಯಾಗಿದ್ದರೆ ಸಾಕಿತ್ತು. ಅಂದರೆ ಇವಳಿಗೂ ದಾರಿ ಇದೆ. ಆದರೆ 2017ರಲ್ಲಿ ಬಂದ ಷರತ್ತುಗಳ ಪ್ರಕಾರ ಆರ್‌ಸಿ ವಾಪಸ್ ಕೊಡಬೇಕು, ಕ್ಯಾಂಪಿನಲ್ಲಿ ವಾಸ ಇರಬಾರದು.

“ಪೋಲಾಗ ಹೇಳೀಯೇನು?” ಅಂದೆ. ಹೇಳಿದ್ದಳು. ಅತ್ತಾರು, ಬೈದಾರು ಅಂತ ಕಾದಿದ್ದಳು. ಅವರು ಕೇಳಿದ್ದು ಒಂದೇ: “ಹಂಗಾದ್ರ ಲೋಸಾರ್ ಹಬ್ಬಕ್ಕ ಮನೀಗೆ ಬರಾಕ ಬಿಡ್ತಾರೇನು?”

ಲೋಸಾರ್ ಅಂದರೆ ಟಿಬೆಟಿಯನ್ನರ ಹೊಸ ವರ್ಷ. ಅವಳಿಗೆ ಉತ್ತರ ಗೊತ್ತಿರಲಿಲ್ಲ. ನನಗೂ. ಇದು ಆಪ್ತಸಲಹೆಯಲ್ಲಿ ತೀರುವ ಪ್ರಶ್ನೆಯಲ್ಲ, ವಕೀಲರನ್ನು ಕೇಳಬೇಕು. ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. ಅಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಪ್ರಜೆಗಳಿಗೆ ಮಾತ್ರ ಅಂತ ಆ ಕಾನೂನಿನಲ್ಲಿಲ್ಲ, ‘ವ್ಯಕ್ತಿ’ ಅಂತಿದೆ. ಜೀವ, ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಲ್ಲೂ ಹಾಗೆಯೇ. ಅಪ್ಪನಿಗೆ ಹೇಳಲು ಒಂದು ಮಾತು ಕಲಿಸಿದೆ: “ಪರೀಕ್ಷೆ ಮುಗಿಯೋ ತನಕ ಈ ವಿಷಯ ಬ್ಯಾಡ.” ಸಂಜೆಯ ಫೋನಿನಲ್ಲಿ ಅದನ್ನು ಹೇಳೋಕೆ ಅವಳಿಗೆ ಎರಡು ವಾರ ಬೇಕಾಯಿತು.

ಆರ್‌ಸಿ ನವೀಕರಣ ಆಗಿದೆ. ಪಾಸ್‌ಪೋರ್ಟ್ ಇನ್ನೂ ತೀರ್ಮಾನ ಆಗಿಲ್ಲ. ಮುಂದಿನ ಭೇಟಿ, ಅವಳು ಲೋಸಾರ್ ಮುಗಿಸಿಕೊಂಡು ಮುಂಡಗೋಡದಿಂದ ಬಂದ ಮೇಲೆ.