ಹೊಟ್ಟೆ ಕೆಟ್ಟಿದ್ದು ಒಬ್ಬಟ್ಟಿನಿಂದಲಾ?

ಪ್ರಶ್ನೆ: ಮೇಡಂ, ಕಳೆದ ಯುಗಾದಿಗೆ ಮನೆಯಲ್ಲಿ 22 ಜನ ಸೇರಿದ್ದೆವು. ಬೆಳಗ್ಗೆ 5ಕ್ಕೇ ಎದ್ದು 9ರ ಹೊತ್ತಿಗೆ ಚಿತ್ರಾನ್ನ, ಒಬ್ಬಟ್ಟಿನ ಸಾರು, ಕೋಸಂಬರಿ ಎಲ್ಲಾ ಮುಗಿಸಿದ್ದೆ. ಪೂಜೆ, ಪಂಚಾಂಗ ಓದುವುದು ಅಂತ ತಡವಾಗಿ ಎಲೆ ಹಾಕಿದಾಗ 2 ಗಂಟೆ. ಸಂಜೆ 5ರ ಹೊತ್ತಿಗೆ ಇಬ್ಬರು ಮಕ್ಕಳಿಗೆ, ಅತ್ತೆಗೆ ವಾಂತಿ ಶುರುವಾಯಿತು. ಒಬ್ಬಟ್ಟು, ತುಪ್ಪ ಜಾಸ್ತಿ ಆಯ್ತು ಅಂತ ಎಲ್ಲರೂ ಅಂದರು. ಈ ಸಲ ಒಬ್ಬಟ್ಟೇ ಬೇಡ ಅಂತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಒಬ್ಬಟ್ಟು ಖಂಡಿತ ಮಾಡಿ. ಬೆಲ್ಲದಲ್ಲಿ ನೀರಾರುವ ತನಕ ಕಾಯಿಸಿದ ಹೂರಣ, ಅದರ ಮೇಲೆ ಮತ್ತೆ ಹಂಚಿನ ಬಿಸಿ. ಅದು ಅಷ್ಟು ಬೇಗ ಕೆಡುವ ಪದಾರ್ಥ ಅಲ್ಲ. ಇಷ್ಟು ದಿನ ಆದ ಮೇಲೆ ಇದೇ ಕಾರಣ ಅಂತ ಯಾರೂ ಹೇಳಲಾರರು. ಆದರೂ ನನ್ನ ಅನುಮಾನ 9ರಿಂದ 2ರ ತನಕ ಮುಚ್ಚಿಟ್ಟಿದ್ದ ಚಿತ್ರಾನ್ನದ ಮೇಲೆ.

ಅಕ್ಕಿಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಬೀಜದ ಹಾಗೆ ಅಡಗಿರುತ್ತದೆ. ಅದರ ಹೆಸರು ಬ್ಯಾಸಿಲಸ್ ಸಿರಿಯಸ್. ಅನ್ನ ಕುದಿದರೂ ಆ ಬೀಜ ಸಾಯುವುದಿಲ್ಲ, ಅನ್ನ ಉಗುರು ಬೆಚ್ಚಗಾದ ಮೇಲೆ ಮೊಳೆತು, ಬೆಳೆದು, ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆ, ರುಚಿಯಿಂದಲೂ ಗೊತ್ತಾಗುವುದಿಲ್ಲ. ಉಂಡ 1ರಿಂದ 6 ಗಂಟೆಯೊಳಗೆ ವಾಂತಿ ಬರುತ್ತದೆ. ನಿಮ್ಮ ಮನೆಯಲ್ಲಿ ಆದದ್ದೂ ಹಾಗೇ ಅಲ್ವಾ?

ಬೇಯಿಸಿದ್ದು 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲಾ ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವೆ ಬಿಟ್ಟರೆ 2 ಗಂಟೆಯೇ ಜಾಸ್ತಿ. 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ. ಯುಗಾದಿ ದಿನ ಮೂರು ಒಲೆ ಉರಿಯುವ ಅಡುಗೆಮನೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ನಮ್ಮ ಅಜ್ಜಿ ಚಿತ್ರಾನ್ನಕ್ಕೆ ಅನ್ನವನ್ನು ಅಗಲ ತಟ್ಟೆಗೆ ಹರವಿ, ಎಣ್ಣೆ ಬಿಟ್ಟು, ಬೆರಳ ತುದಿಯಲ್ಲಿ ಬಿಡಿ ಬಿಡಿ ಮಾಡಿ ಆರಿಸುತ್ತಿದ್ದರು. ಅದು ಸರಿಯಾದ ಕ್ರಮ, ಬೇಗ ಆರುತ್ತದೆ. ತಪ್ಪಾಗುವುದು ಆಮೇಲೆ, ಬೆಚ್ಚಗಿದ್ದಾಗಲೇ ದಬರಿಗೆ ತುಂಬಿ ತಟ್ಟೆ ಮುಚ್ಚಿ ಗಂಟೆಗಟ್ಟಲೆ ಇಟ್ಟಾಗ. ಮಾವಿನಕಾಯಿ ಒಗ್ಗರಣೆ ಬೆಳಗ್ಗೆಯೇ ಮಾಡಿಟ್ಟುಕೊಳ್ಳಿ, ಅನ್ನ ಮಾತ್ರ ಕೊನೆಗೆ. ಪೂಜೆಗೆ ಕೂತ ಮೇಲೆ ಕುಕ್ಕರ್ ಇಟ್ಟರೆ ಸಾಕು. ಪೂಜೆ ಯಾವಾಗ ಮುಗಿಯುತ್ತೆ ಅಂತ ಮನೆಯವರನ್ನು ಬೆಳಗ್ಗೆಯೇ ಗಟ್ಟಿಯಾಗಿ ಕೇಳಿಬಿಡಿ, ಅಡುಗೆ ಮಾಡುವವರಿಗೆ ಅದು ಗೊತ್ತಿರಲೇಬೇಕು. ನೈವೇದ್ಯಕ್ಕೆ ಮೊದಲು ಎತ್ತಿಟ್ಟು, ಉಳಿದ ಸಾರು, ಪಾಯಸವನ್ನು ಸಣ್ಣ ಉರಿಯ ಮೇಲೇ ಬಿಡಿ.

ಇನ್ನೊಂದು, ಬೇಳೆ ಬಸಿದ ಕಟ್ಟು. ಇದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಬಸಿದು ಮೂಲೆಯಲ್ಲಿಟ್ಟು ಹೂರಣ ರುಬ್ಬುವುದಕ್ಕೆ ಹೋಗುತ್ತೇವೆ. ಸೆಕೆಯಲ್ಲಿ ಅದು ಬಹಳ ಬೇಗ ಕೆಡುತ್ತದೆ. ನೊರೆ ಎದ್ದಿದ್ದರೆ, ಬೆರಳಿಗೆ ಲೋಳೆ ಲೋಳೆಯಾಗಿ ಎಳೆ ಬಂದರೆ ಚೆಲ್ಲಿಬಿಡಿ. ಬಸಿದ ತಕ್ಷಣ ಸಾರಿಗೆ ಹಾಕಿ ಕುದಿಸುವುದೇ ಒಳ್ಳೆಯದು. ಹಿಂದಿನ ರಾತ್ರಿ ಹೂರಣ ಮಾಡುವುದಾದರೆ ಹೂರಣ, ಕಟ್ಟು ಎರಡನ್ನೂ ಅಗಲ ಡಬ್ಬಿಗಳಲ್ಲಿ ಎರಡಿಂಚಿಗಿಂತ ದಪ್ಪ ಆಗದ ಹಾಗೆ ಹಾಕಿ, ಹಬೆ ಇಳಿದ ಕೂಡಲೇ ಫ್ರಿಜ್ಜಿಗಿಡಿ. ದೊಡ್ಡ ಪಾತ್ರೆಯಲ್ಲೇ ಇಟ್ಟರೆ ಮೇಲೆ ತಣ್ಣಗಿದ್ದರೂ ನಡುವೆ ಬಹಳ ಹೊತ್ತು ಬೆಚ್ಚಗೇ ಇರುತ್ತದೆ.

ಕೋಸಂಬರಿ ಹಸಿಯದು. ಹೆಸರುಬೇಳೆಯನ್ನು ಕುಡಿಯುವ ನೀರಲ್ಲೇ ನೆನೆಸಿ, ಸೌತೆಕಾಯಿ, ಕಾಯಿತುರಿ, ಉಪ್ಪು ಎಲೆ ಹಾಕುವಾಗ ಸೇರಿಸಿ. ಒಬ್ಬಟ್ಟು ತಟ್ಟುವುದಕ್ಕೆ ಎಣ್ಣೆ ಪ್ಯಾಕೆಟ್ಟಿನ ಕವರ್ ಬಳಸುವವರಿದ್ದಾರೆ. ಅದರ ಅಂಚು ಕಾದ ಹಂಚಿಗೆ ತಾಗಿದರೆ ಕರಗಿ ಒಬ್ಬಟ್ಟಿಗೇ ಅಂಟುತ್ತದೆ, ದಯವಿಟ್ಟು ಬಾಳೆ ಎಲೆಯಲ್ಲೇ ತಟ್ಟಿ.

ಪ್ರಶ್ನೆ: ಆಂಬೊಡೆ ಕರಿಯುವಾಗ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತು. ಮಗಳು ನೀರಿನ ಚೊಂಬು ತಂದಳು, ನಾನು ಬೇಡ ಅಂತ ಕೂಗಿದೆ. ಸರಿಯೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ಸರಿ. ನೀರು ಎಣ್ಣೆಯ ಕೆಳಗಿಳಿದು ತಕ್ಷಣ ಆವಿಯಾಗಿ, ಉರಿಯುವ ಎಣ್ಣೆಯನ್ನೇ ಮೇಲಕ್ಕೆ ಎರಚುತ್ತದೆ. ಕೈಗೆಟುಕಿದರೆ ಗ್ಯಾಸ್ ಆರಿಸಿ, ಬಾಣಲೆಗಿಂತ ಅಗಲವಾದ ತಟ್ಟೆಯನ್ನು ಪಕ್ಕದಿಂದ ಸರಿಸಿ ಮುಚ್ಚಿ. ಬಾಣಲೆ ಎತ್ತಬೇಡಿ, ಪೂರ್ತಿ ತಣ್ಣಗಾಗುವ ತನಕ ತಟ್ಟೆ ತೆಗೆಯಬೇಡಿ. ಕರಿಯಲು ನಿಂತಾಗ ಆ ತಟ್ಟೆ ಪಕ್ಕದಲ್ಲೇ ಇರಲಿ, ಸೆರಗು ಸಿಕ್ಕಿಸಿಕೊಂಡಿರಿ. ಎಣ್ಣೆ ಹೊಗೆಯಾಡಿದರೆ ಆಗಲೇ ಉರಿ ಆರಿಸಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಮುಚ್ಚಿ ಬಾಗಿಲು ತೆಗೆಯಿರಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಕೈ ಸುಟ್ಟರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್ ಬೇಡ, ಬೆಣ್ಣೆಯೂ ಬೇಡ, ಬೊಬ್ಬೆ ದೊಡ್ಡದಿದ್ದರೆ ಹಬ್ಬದ ದಿನ ಅಂತ ನೋಡದೆ ಆಸ್ಪತ್ರೆಗೆ ಹೋಗಿ.