ಆಪ್ತಸಲಹೆ ಪ್ರಕರಣ: ಹತ್ತೂವರೆ ಆದಮೇಲೆ ಏನು ಮಾಡ್ತೀರಿ, ರಾಯರೇ?

ನನ್ನ ಹತ್ತಿರ ಸಲಹೆಗೆ ಬಂದಿದ್ದ ಗಂಡ ಹೆಂಡತಿಯ ಕಥೆ ಇದು, ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಯಸ್ಸು, ಕೆಲಸದ ವಿವರ ಸ್ವಲ್ಪ ಬದಲಿಸಿದ್ದೇನೆ. ಹೆಸರು ಬೇಡ. ಗಂಡನನ್ನು ರಾಯರು ಅನ್ನೋಣ, ಹೆಂಡತಿಯನ್ನು ಅಕ್ಕ ಅನ್ನೋಣ. ಇಬ್ಬರೂ ನನಗಿಂತ ದೊಡ್ಡವರು, ಎದುರಿಗೆ ನಾನು ಕರೆಯುತ್ತಿದ್ದದ್ದೂ ಹಾಗೆಯೇ.

ರಾಯರಿಗೆ 56, ಬೆಳಗಾವಿ ಕಡೆಯವರು. ಅಕ್ಕನಿಗೆ 52, ತವರು ಹುಬ್ಬಳ್ಳಿ. ಮದುವೆಯಾಗಿ ಮುಂಬೈ ಹೊರವಲಯದ ಡೊಂಬಿವ್ಲಿಗೆ ಬಂದು 28 ವರ್ಷ. ರಾಯರದ್ದು ಮುಂಬೈನ ಫೋರ್ಟ್‌ನಲ್ಲಿ ನೌಕರಿ, ಅಕ್ಕನದ್ದು ದಾದರ್‌ನ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಒಬ್ಬನೇ ಮಗ, ಬೇರೆ ಊರಿನಲ್ಲಿದ್ದಾನೆ.

ಮೊದಲ ಸಲ ಅಕ್ಕ ಒಬ್ಬರೇ ಬಂದರು. ಕೂತವರೇ ಮೊಬೈಲ್ ತೆಗೆದು ಬ್ಯಾಂಕಿನ ಮೆಸೇಜ್ ತೋರಿಸಿದರು. ಜಂಟಿ ಖಾತೆಯಿಂದ ಎರಡು ಲಕ್ಷ ಹೋಗಿತ್ತು. ದೀಪಾವಳಿ ರಜೆಯಲ್ಲಿ ಇಬ್ಬರೂ ಬೆಳಗಾವಿಗೆ ಹೋಗಿ, ಅಲ್ಲಿಂದ ಚೋರ್ಲಾ ಘಾಟ್ ಇಳಿದು ಗೋವಾ ಸುತ್ತಿ ಬಂದಿದ್ದರು. ಘಾಟ್ ಇಳಿದ ಮೇಲೆ ಸತ್ತರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಂಚಿನ ಮನೆ, ಹಿಂದೆ ಅಡಿಕೆ ತೋಟ, ಮುಂದೆ ಗದ್ದೆ, ಅದರಾಚೆ ಗುಡ್ಡ ನೋಡಿ ರಾಯರು ಬಾಡಿಗೆ ಕಾರು ನಿಲ್ಲಿಸಿದ್ದರಂತೆ. ವಾಪಸ್ ಬಂದು ಹದಿನೈದು ದಿನದೊಳಗೆ ಏಜೆಂಟನಿಗೆ ಮುಂಗಡ ಕೊಟ್ಟಿದ್ದರು. ಹೆಂಡತಿಗೆ ಹೇಳಿರಲಿಲ್ಲ.

"ಹೇಳಿದ್ರ ನಾ ಬ್ಯಾಡ ಅಂತೀನಿ ಅಂತ ಗೊತ್ತಿತ್ರಿ ಅವ್ರಿಗೆ. ಅದಕ್ಕ ಹೇಳಲಿಲ್ಲ," ಅಂದರು. ಸಿಟ್ಟಿಗಿಂತ ನೋವೇ ಜಾಸ್ತಿ ಇತ್ತು ಆ ಮಾತಿನಲ್ಲಿ.

ಇಂಥ ಜಗಳ ಹೊತ್ತು ಬರುವವರು ಈಗ ಹೆಚ್ಚಾಗಿದ್ದಾರೆ. ಮುಂಬೈ ಕಡೆಯ ಫ್ಲ್ಯಾಟ್ ಮಾರಿದರೆ ಹಳ್ಳಿಯಲ್ಲಿ ಮನೆ, ತೋಟ, ಮೇಲೆ ಬ್ಯಾಂಕಿನಲ್ಲಿಡಲು ಒಂದಿಷ್ಟು ದುಡ್ಡು, ಹೀಗೆ ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಕೂರುತ್ತದೆ. ನಾನು ಯಾರಿಗೂ ಹೋಗಬೇಡಿ ಅನ್ನುವವಳಲ್ಲ. ಹೋಗಿ ಚೆನ್ನಾಗಿರುವವರನ್ನು ನೋಡಿದ್ದೇನೆ. ಒಂದೇ ವರ್ಷಕ್ಕೆ ವಾಪಸ್ ಬಂದು, ಮಾರಿದ ಬೆಲೆಗೆ ಅದೇ ಬೀದಿಯಲ್ಲಿ ಮನೆ ಸಿಗದೆ ಇನ್ನೂ ದೂರದ ಬದ್ಲಾಪುರಕ್ಕೋ ಟಿಟ್ವಾಲಾಕ್ಕೋ ಹೋದವರನ್ನೂ ನೋಡಿದ್ದೇನೆ.

ಎರಡನೇ ಸಲ ರಾಯರನ್ನು ಒಬ್ಬರೇ ಬರಲು ಹೇಳಿದೆ. ತಮ್ಮನ್ನು ಬೈಯಲು ಕರೆಸಿದ್ದಾರೆ ಅಂದುಕೊಂಡೇ ಬಂದಿದ್ದರು. ಮುಂಗಡದ ಮಾತನ್ನು ನಾನು ತೆಗೆಯಲೇ ಇಲ್ಲ. ಆ ಮನೆ ಮುಂದೆ ನಿಂತಾಗ ಏನನ್ನಿಸಿತು ಅಂತಷ್ಟೇ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಉಸಿರಾಡಿದಂಗಾತ್ರಿ," ಅಂದರು. ಆಮೇಲೆ ಮಾತು ಲೋಕಲ್ ಟ್ರೇನಿಗೆ ಬಂತು. ದಿನಾ ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ, ಅದೂ ನಿಂತುಕೊಂಡು. ಕೆಲವು ವರ್ಷಗಳ ಹಿಂದೆ ಅವರ ಪಕ್ಕದಲ್ಲಿ ಬಾಗಿಲ ಕಂಬಿ ಹಿಡಿದು ನಿಂತಿದ್ದ ಹುಡುಗನೊಬ್ಬ ಮುಂಬ್ರಾ ಹತ್ತಿರ ಬಿದ್ದುಹೋಗಿದ್ದ. ಅವತ್ತೂ ರಾಯರು ಆಫೀಸಿಗೆ ಹೋಗಿ, ಸಂಜೆ ಅದೇ ಹಳಿ ಮೇಲೆ ಮನೆಗೆ ಬಂದಿದ್ದರು. ಮನೆಯಲ್ಲಿ ಇವತ್ತಿನವರೆಗೂ ಹೇಳಿಲ್ಲ. ಬಿಪಿ ಮಾತ್ರೆ ಶುರುವಾದದ್ದು ಅದೇ ವರ್ಷ.

ಇದನ್ನು ಕೇಳದೆ ಇದ್ದಿದ್ದರೆ ನಾನೂ ಅವರನ್ನು ಹಟಮಾರಿ ಗಂಡ ಅಂದುಕೊಂಡುಬಿಡುತ್ತಿದ್ದೆನೋ ಏನೋ. ಅವರ ಆಸೆ ಶೋಕಿ ಆಗಿರಲಿಲ್ಲ. ಒಳ್ಳೆ ಗಾಳಿ, ರಾತ್ರಿ ನಿದ್ದೆ, ಹಾರ್ನ್ ಇಲ್ಲದ ಬೆಳಗು, ಬಾವಿ ನೀರು, ಮಣ್ಣಿನಲ್ಲಿ ಕೈಯಾಡಿಸಿ ಮಾಡುವ ಕೆಲಸ, ಇವೆಲ್ಲ 30 ವರ್ಷ ರೈಲಿನಲ್ಲಿ ನಿಂತ ದೇಹಕ್ಕೆ ನಿಜವಾಗಿಯೂ ಬೇಕು. ಇದನ್ನು ನಾನು ಅಕ್ಕನಿಗೂ ಹೇಳಿದೆ. ಮುಂಬ್ರಾದ ವಿಷಯ ಮಾತ್ರ ರಾಯರೇ ಹೇಳಬೇಕು ಅಂತ ಬಿಟ್ಟೆ.

ಮೂರನೇ ಸಲ ಇಬ್ಬರೂ ಬಂದರು. ಕೈಗೊಂದು ಹಾಳೆ ಕೊಟ್ಟೆ. "ಆ ಹಳ್ಳಿಗೆ ಹೋಗಿ ಎರಡು ವರ್ಷ ಆಗಿದೆ. ಆಗಸ್ಟ್ ತಿಂಗಳ ಒಂದು ಮಂಗಳವಾರ. ಏಳುವುದರಿಂದ ಮಲಗುವವರೆಗೆ ಏನೇನು ಮಾಡಿದಿರಿ ಅಂತ ಬರೆಯಿರಿ. ಒಬ್ಬರದ್ದು ಒಬ್ಬರು ನೋಡಬಾರದು."

ರಾಯರ ಹಾಳೆಯಲ್ಲಿ ಆರು ಗಂಟೆಗೆ ಎದ್ದದ್ದು, ಹಕ್ಕಿ ದನಿ, ಜಗಲಿ ಮೇಲೆ ಚಹಾ, ತೋಟದಲ್ಲೊಂದು ಸುತ್ತು, ಸ್ನಾನ, ಪೂಜೆ, ಅವಲಕ್ಕಿ. ಹತ್ತೂವರೆಗೆ ಬರಹ ನಿಂತಿತ್ತು. ನಡುವೆ ಖಾಲಿ. ಕೊನೆಗೆ ಕೆಳಗಡೆ, "ರಾತ್ರಿ ಒಳ್ಳೆ ನಿದ್ದೆ."

ಅಕ್ಕ ಹಾಳೆಯ ಎರಡೂ ಬದಿ ತುಂಬಿಸಿದ್ದರು. ನಾಲ್ಕು ದಿನದಿಂದ ಬಟ್ಟೆ ಒಣಗಿಲ್ಲ. ಕರೆಂಟ್ ಹೋಗಿದೆ. ಮಗನ ಫೋನ್ ಕಟ್ ಆಯಿತು, ಕೊಡೆ ಹಿಡಿದು ಅಂಗಳದ ಮೂಲೆಗೆ ಹೋದರೂ ಸಿಗ್ನಲ್ ಸಿಗಲಿಲ್ಲ. ಇವರು ತರಕಾರಿ ತರಲು ವಾಲ್ಪೋಯಿ ಪೇಟೆಗೆ ಹೋದರು, ನಾನು ಮನೆಯಲ್ಲಿ. ಇವರು ಬಂದರು, ಊಟ. ಬ್ಲೌಸ್ ಹೊಲಿಯಲು ಕೊಡಬೇಕಿತ್ತು, ಇವರು ನಾಳೆ ಹೋಗೋಣ ಅಂದರು.

ಒಬ್ಬರದ್ದನ್ನು ಒಬ್ಬರು ಗಟ್ಟಿಯಾಗಿ ಓದಿದರು. ಬ್ಲೌಸ್ ಸಾಲು ಓದುವಾಗ ರಾಯರ ದನಿ ಸಣ್ಣಗಾಯಿತು. "ನಂಗ ಗಾಡಿ ಹೊಡಿಯಾಕ ಬರಂಗಿಲ್ರಿ ಮೇಡಂ," ಅಂದರು ಅಕ್ಕ. "ಇಲ್ಲಿ ಅದರ ಜರೂರನ ಬೀಳಲಿಲ್ಲ."

ಈ ಪ್ರಕರಣದ ಗಂಟು ಇದ್ದದ್ದು ಇಲ್ಲೇ. ಯಾವ ರೈಲು ರಾಯರಿಗೆ ಉಸಿರು ಕಟ್ಟಿಸುತ್ತಿತ್ತೋ ಅದೇ ರೈಲು ಅಕ್ಕನ ಕಾಲಾಗಿತ್ತು. ಗಾಡಿ ಬರದ ಹೆಂಗಸು ಮುಂಬೈನಲ್ಲಿ ಯಾರನ್ನೂ ಕೇಳದೆ ಎಲ್ಲಿಗೆ ಬೇಕಾದರೂ ಹೋಗಬಹುದು. ದಾದರ್‌ನಲ್ಲಿ ಹೂವು, ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಒಂದು ಸಂಗೀತ ಕಾರ್ಯಕ್ರಮ, ಥಾಣೆಯಲ್ಲಿ ಡಾಕ್ಟರು, ಎಲ್ಲ ಅವರ ಪಾಸಿನಲ್ಲೇ ಇತ್ತು. ಲೇಡೀಸ್ ಡಬ್ಬಿಯ ಗೆಳತಿಯರು ಹತ್ತೊಂಬತ್ತು ವರ್ಷದವರು. ದಸರೆಗೆ ಡಬ್ಬಿ ಅಲಂಕರಿಸುವುದು, ಸಂಕ್ರಾಂತಿಗೆ ಅರಿಸಿನ ಕುಂಕುಮ, ಯಾರ ಮಗಳಿಗೆ ಗಂಡು ಬಂತು ಎಂಬ ಸುದ್ದಿ. ಹಳ್ಳಿಗೆ ಹೋದರೆ ಇದೆಲ್ಲ ಹೋಗಿ ಹಾಲು, ಔಷಧಿ, ದೇವಸ್ಥಾನ ಎಲ್ಲದಕ್ಕೂ ಗಂಡನ ಸ್ಕೂಟರಿನ ಹಿಂದಿನ ಸೀಟೇ ಗತಿ. ನೋಟದ ಆಸೆ ಒಬ್ಬರದು, ದಿನ ಕಳೆಯಬೇಕಾದವರು ಇನ್ನೊಬ್ಬರು. ಹೀಗಾದಾಗ ಹಳ್ಳಿ ಎಷ್ಟೇ ಚೆಂದ ಇದ್ದರೂ ಮನೆ ನಿಲ್ಲುವುದಿಲ್ಲ.

ಇನ್ನು ರಾಯರ ಖಾಲಿ ಜಾಗ. "ಹತ್ತೂವರೆ ಆದಮೇಲೆ ಏನು ಮಾಡ್ತೀರಿ, ರಾಯರೇ?" ಅಂತ ಕೇಳಿದೆ. ಅವರು ಬಿಡಬೇಕಾದ್ದನ್ನು ಮಾತ್ರ ಯೋಚಿಸಿದ್ದರು, ಹಿಡಿಯಬೇಕಾದ್ದನ್ನು ಯೋಚಿಸಿರಲಿಲ್ಲ. ತೋಟದ ಕೆಲಸ ಅಂದರು. ಅಡಿಕೆ ಮರ ಹತ್ತಲು ಆಳು ಬೇಕು, ಕೊಳೆ ರೋಗಕ್ಕೆ ಮಳೆಯ ಬಿಡುವು ನೋಡಿ ಬೋರ್ಡೋ ದ್ರಾವಣ ಹೊಡೆಸಬೇಕು, ಕೋತಿ, ಕಾಡುಕೋಣ ನುಗ್ಗದಂತೆ ಕಾಯಬೇಕು. ಇದು ನಿವೃತ್ತಿ ಅಲ್ಲ, ಇನ್ನೊಂದು ನೌಕರಿ. ಅದು ಇಷ್ಟವಿದ್ದರೆ ಸರಿ, ಆದರೆ ಗೊತ್ತಿದ್ದು ಹೋಗಬೇಕು, ಅಲ್ವಾ?

ಕಾಗದಪತ್ರ ನನ್ನ ಕೆಲಸ ಅಲ್ಲ. ಆದರೂ ಇದು ಇಬ್ಬರ ನಿದ್ದೆ ಕೆಡಿಸುತ್ತಿದ್ದದ್ದರಿಂದ ಗೋವಾದಲ್ಲೇ ಕೆಲಸ ಮಾಡುವ ವಕೀಲರನ್ನು ನೋಡಿ ಅಂದೆ. ನಮ್ಮ ಪಹಣಿಯಂತೆ ಅಲ್ಲಿ ಒಂದು ಮತ್ತು ಹದಿನಾಲ್ಕನೇ ನಮೂನೆ ಅಂತ ಇದೆ. ಅದರಲ್ಲಿ ಹನ್ನೊಂದು ಹೆಸರು ಇದ್ದವು. ಪೋರ್ಚುಗೀಸರ ಕಾಲದ ಸಿವಿಲ್ ಕಾನೂನಿನ ಬೇರು ಅಲ್ಲಿ ಇನ್ನೂ ಇರುವುದರಿಂದ ಆಸ್ತಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ, ಅವರ ನಂತರ ಮಕ್ಕಳಿಗೂ ಹಕ್ಕು ಇರುತ್ತದೆ, ಹಕ್ಕಿರುವ ಎಲ್ಲರ ಸಹಿ ಬೇಕು. ಮೇಲಾಗಿ ಹಿತ್ತಲ ಸಣ್ಣ ಮನೆಯಲ್ಲಿ ಇದ್ದವರು ಮುಂಡಕಾರರು, ಅಂದರೆ ಜಮೀನಿನ ಮಾಲೀಕರ ಒಪ್ಪಿಗೆಯಿಂದ ಅವರ ಜಾಗದಲ್ಲಿ ಮನೆ ಮಾಡಿಕೊಂಡು ಇರುವವರು. 1975ರ ಕಾಯ್ದೆ ಪ್ರಕಾರ ಅವರನ್ನು ಸುಮ್ನೆ ಎಬ್ಬಿಸಲು ಬರುವುದಿಲ್ಲ, ಎಬ್ಬಿಸಲೂ ಬಾರದು. ಅದು ಅವರ ಮನೆ. ಮುಂದಿನ ಗದ್ದೆಯ ಕಥೆ ಬೇರೆ. ಭತ್ತದ ಗದ್ದೆ ಕೃಷಿಕರಲ್ಲದವರ ಕೈಗೆ ಹೋಗದಂತೆ 2023ರಲ್ಲಿ ಗೋವಾ ಕಾನೂನು ಮಾಡಿದೆ. ಏಜೆಂಟ್ ಇದ್ಯಾವುದನ್ನೂ ಹೇಳಿರಲಿಲ್ಲ. ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಬಂತು.

ನಾನು ಕೊಟ್ಟ ಸಲಹೆ ಇಷ್ಟು. ಫ್ಲ್ಯಾಟ್ ಮಾರಬೇಡಿ, ಬಾಡಿಗೆಗೆ ಕೊಡಿ. ಅಲ್ಲಿಯೂ ಕೊಳ್ಳಬೇಡಿ, 11 ತಿಂಗಳು ಬಾಡಿಗೆಗೆ ಇರಿ. ಆ 11 ತಿಂಗಳು ದೀಪಾವಳಿಗೆ ಅಲ್ಲ, ಜೂನ್‌ನಲ್ಲಿ ಶುರುವಾಗಲಿ. ರಾಯರು ನೋಡಿದ್ದು ಮಳೆ ತೊಳೆದುಹೋದ ಮೇಲಿನ ಹಸಿರನ್ನು. ಸತ್ತರಿಯದು ಗೋವಾದಲ್ಲಿ ತುಂಬಾ ಮಳೆ ಬೀಳುವ ಭಾಗ, 2021ರ ಜುಲೈನಲ್ಲಿ ನಾವು ಮಹದಾಯಿ ಅನ್ನುವ ಆ ಹೊಳೆ ಉಕ್ಕಿ ಅಲ್ಲಿ ಎಷ್ಟೋ ಮನೆಗಳು ಬಿದ್ದವು. ಖಾನಾಪುರದ ಮಳೆ ಕಂಡ ರಾಯರಿಗೆ ಇದು ಗೊತ್ತಿರಬೇಕಿತ್ತು, ಆಸೆ ಮರೆಸಿತ್ತು.

ಮನೆ ಎಲ್ಲಿರಬೇಕು ಅನ್ನುವುದನ್ನು ಅಕ್ಕ ತೀರ್ಮಾನಿಸಲಿ ಅಂದೆ. ಇದನ್ನು ಒತ್ತಿ ಹೇಳಿದೆ. ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ದೂರ, ಮಳೆಯಲ್ಲೂ. ಗೋವಾ ಸರ್ಕಾರದ ಕದಂಬ ಬಸ್ಸು ಎಷ್ಟು ಹೊತ್ತಿಗೆ ಕೊನೆ ಅಂತ ಹೋಗಿ ಕೇಳಿಕೊಂಡು ಬನ್ನಿ. ರಾಯರ ಬಿಪಿ ಇದೆ, ದೊಡ್ಡ ಆಸ್ಪತ್ರೆ ಅಂದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು, ಆ ದಾರಿಯನ್ನು ಒಂದು ರಾತ್ರಿ ಗಾಡಿಯಲ್ಲಿ ಹೋಗಿ ಎಷ್ಟು ಹೊತ್ತಾಗುತ್ತದೆ ನೋಡಿ. ಸಾಧ್ಯವಾದರೆ ಅಕ್ಕ ಹೊರಡುವ ಮುಂಚೆ ಸ್ಕೂಟರ್ ಕಲಿಯಲಿ, ಆದರೆ ಅದು ರಾಯರಿಗಾಗಿ ಅಲ್ಲ, ಅವರಿಗೆ ಮನಸ್ಸಾದರೆ ಮಾತ್ರ. ಇಬ್ಬರೂ ಕೊಂಕಣಿ ಕಲಿಯಲಿ. ಘಾಟದ ಮೇಲಿನವರು ಅಂತ ನಮ್ಮವರನ್ನು ಅಲ್ಲಿ ಬೇರೆಯಾಗಿ ನೋಡುವುದುಂಟು, ಹೊರಗಿನವರು ಬಂದು ಜಮೀನು ಕೊಳ್ಳುತ್ತಾರೆ ಅನ್ನುವ ಅವರ ಸಂಕಟವೂ ಸುಳ್ಳಲ್ಲ. ಅಂಗಡಿಯಲ್ಲಿ ಎರಡು ಮಾತು ಅವರ ಭಾಷೆಯಲ್ಲಿ ಆಡಿದರೆ ಮುಖ ಅರಳುತ್ತದೆ.

ಮುಂಗಡ ಮುಚ್ಚಿಟ್ಟ ವಿಷಯಕ್ಕೆ ಮತ್ತೆ ಎರಡು ಸಲ ಕೂತೆವು. ರಾಯರು ಕ್ಷಮೆ ಕೇಳಿದರು. ಅವತ್ತೇ ಮುಂಬ್ರಾದ ಹುಡುಗನ ವಿಷಯವನ್ನೂ ಹೇಳಿದರು. ಅಕ್ಕ ಏನೂ ಅನ್ನದೆ ಗಂಡನ ಕೈ ಹಿಡಿದು ಕೂತರು. ನಾನು ಎದ್ದು ಹೊರಗೆ ಹೋದೆ.

ಅಕ್ಕ ಒಪ್ಪಿದ್ದು ವಾಲ್ಪೋಯಿ ಪೇಟೆಯ ಅಂಚಿನ ಒಂದು ಮನೆಗೆ. ಗದ್ದೆ ಕಾಣುವುದಿಲ್ಲ, ಗುಡ್ಡ ಕಾಣುತ್ತದೆ. ಸಂತೆಗೆ ಬೆಳಗಾವಿ ತರಕಾರಿ ಬರುತ್ತದೆ, ಮಾರುವವರಲ್ಲಿ ಕನ್ನಡದವರೇ ಹಲವರು, ಅಕ್ಕನಿಗೆ ಮೊದಲ ಗೆಳತಿ ಸಿಕ್ಕಿದ್ದು ಅಲ್ಲೇ. ಆಫೀಸಿನವರು ಅವರ ಲೆಕ್ಕದ ಕೆಲಸದಲ್ಲಿ ಅರ್ಧವನ್ನು ಮನೆಯಿಂದ ಮಾಡಲು ಬಿಟ್ಟಿದ್ದಾರೆ. ತಿಂಗಳಿಗೊಮ್ಮೆ ದಾದರ್‌ಗೆ ಬರುತ್ತಾರೆ, ಗೆಳತಿಯ ಮನೆಯಲ್ಲಿ ಉಳಿದು, ಬೆಳಗ್ಗೆ ಅದೇ ಡಬ್ಬಿ ಹತ್ತುತ್ತಾರೆ. ಜುಲೈ ಕಷ್ಟ ಆಯಿತು, ಗೋಡೆಗೆ ಬೂಸು ಬಂತು, ಮೂರು ದಿನ ಕರೆಂಟ್ ಇರಲಿಲ್ಲ, ಅಕ್ಕ ಫೋನ್ ಮಾಡಿ ಅತ್ತರು. ರಾಯರು ಪಕ್ಕದವರ ತೋಟಕ್ಕೆ ದಿನಾ ಹೋಗಿ ಕೆಲಸ ಕಲಿಯುತ್ತಿದ್ದಾರೆ, ಮಾತ್ರೆ ಇನ್ನೂ ಇದೆ, ನಿದ್ದೆ ಬರುತ್ತಿದೆ.

ಹೋದ ವಾರ ರಾಯರಿಗೆ ಫೋನ್ ಮಾಡಿದಾಗ ಬಸ್ಸಿನಲ್ಲಿದ್ದರು. ಸ್ಕೂಟರ್ ಅಕ್ಕ ಒಯ್ದಿದ್ದರಂತೆ. ಕರಾರು ಮೇ ತಿಂಗಳಿಗೆ ಮುಗಿಯುತ್ತದೆ, ಮುಂದೆ ಏನು ಅಂತ ಇಬ್ಬರೂ ಇನ್ನೂ ತೀರ್ಮಾನಿಸಿಲ್ಲ. ಏಪ್ರಿಲ್‌ನಲ್ಲಿ ಇಬ್ಬರೂ ಬರುತ್ತಾರೆ, ಮತ್ತೆ ಎರಡು ಹಾಳೆ ಕೊಡುತ್ತೇನೆ.